ತೋರಿಸುವ ಅಂಕ, ತೋರಿಸದ ಅಂಕ

2023ರ ಅಕ್ಟೋಬರ್ ತಿಂಗಳು. ಮಹಾನವಮಿಗೆ ಇನ್ನು ನಾಲ್ಕಾರು ದಿನಗಳಿದ್ದವು. ಆ ವರ್ಷ ಮಳೆ ಕೈಕೊಟ್ಟು ಗೊಟಗೋಡಿಯ ಸುತ್ತಲಿನ ಹೊಲಗಳಲ್ಲಿ ಗೋವಿನಜೋಳ ತೆನೆ ಕಟ್ಟುವ ಮೊದಲೇ ಒಣಗಿತ್ತು. ಬೆಳಗಿನ ಆರೂವರೆಗೆ ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದಾಗ ಅಮೆರಿಕೆಯಿಂದ ಮೊಮ್ಮಗಳ ಫೋನು ಬಂದಿತು. ಅಲ್ಲಿ ಹಿಂದಿನ ದಿನದ ರಾತ್ರಿ ಒಂಬತ್ತು ಗಂಟೆ. ಸಾಮಾನ್ಯವಾಗಿ ಅವಳು ತಾನಾಗಿ ಫೋನು ಮಾಡುವವಳಲ್ಲ, ತಂದೆ ಮಾಡಿ ಕೈಗೆ ಕೊಟ್ಟರೆ “ಅಜ್ಜಾ, ಆರಾಮಾ?” ಎಂದು ಕೇಳಿ ಹಿಂದಿರುಗಿಸುವವಳು. ಅಂದು ಮಾತ್ರ ಪೀಠಿಕೆಯಿಲ್ಲದೆ ಕೇಳಿದಳು: “ಅಜ್ಜಾ, ನೀನು ಟೀಚರ್ ಅಲ್ವಾ? ನನ್ನ ಮಾರ್ಕ್ಸ್ ಕಳಿಸಬೇಕಾ, ಬೇಡವಾ?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೂವತ್ನಾಲ್ಕು ವರ್ಷ ಇತಿಹಾಸ ಹೇಳಿಕೊಟ್ಟು, ಅದರಲ್ಲಿ ಕೊನೆಯ ಕೆಲವು ವರ್ಷ ಮುಖ್ಯೋಪಾಧ್ಯಾಯನಾಗಿ ದುಡಿದ ನನಗೆ ಅಂಕಗಳ ಬಗ್ಗೆ ನೂರು ಪ್ರಶ್ನೆಗಳು ಬಂದಿವೆ. ಹೆಚ್ಚು ಮಾಡಿಕೊಡಿ ಎಂದವರಿದ್ದಾರೆ, ಮತ್ತೆ ಎಣಿಸಿ ಎಂದವರಿದ್ದಾರೆ, ಮನೆಯಲ್ಲಿ ಹೇಳಬೇಡಿ ಎಂದು ಅತ್ತವರಿದ್ದಾರೆ. ಆದರೆ ಪಡೆದ ಅಂಕವನ್ನು ಕಾಲೇಜಿಗೆ ತೋರಿಸಬೇಕೋ ಬೇಡವೋ ಎಂಬುದು ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟ ವಿಷಯವಾಗಬಹುದೆಂದು ನಾನು ಎಣಿಸಿರಲಿಲ್ಲ. ಮಗನು ಫೋನು ತೆಗೆದುಕೊಂಡು ವಿವರಿಸಿದ. ಅಲ್ಲಿ ಸ್ಯಾಟ್ ಎಂಬ ಪರೀಕ್ಷೆ, ಒಟ್ಟು 1600 ಅಂಕ. ಇವಳಿಗೆ ಬಂದದ್ದು 1390. ಹೆಚ್ಚಿನ ಕಾಲೇಜುಗಳು “ಬೇಕಿದ್ದರೆ ಕಳಿಸಿ, ಕಳಿಸದಿದ್ದರೂ ತಪ್ಪು ತಿಳಿಯುವುದಿಲ್ಲ” ಎನ್ನುತ್ತವೆ. ಮೊದಲ ಅರ್ಜಿಗಳಿಗೆ ನವೆಂಬರ್ ಒಂದನೆಯ ತಾರೀಖು ಕಡೆಯ ದಿನ. ಮಗನ ಅಭಿಪ್ರಾಯ ಬೇಡವೆಂದು, ಸೊಸೆಯ ಅಭಿಪ್ರಾಯ ಕಳಿಸೋಣವೆಂದು. ಹೀಗೆ ತೀರ್ಪು ಗೊಟಗೋಡಿಗೆ ಬಂದಿತ್ತು.

“ಎರಡು ದಿನ ಕೊಡು” ಎಂದು ಹೇಳಿ ಫೋನು ಇಟ್ಟೆ. ಆ ಎರಡು ದಿನಗಳಲ್ಲಿ ನಾನು ಯೋಚಿಸಿದ್ದು ಅಮೆರಿಕೆಯ ಬಗ್ಗೆ ಕಡಿಮೆ, ನಮ್ಮ ಈ ಕಡೆಯ ಮಕ್ಕಳ ಬಗ್ಗೆಯೇ ಹೆಚ್ಚು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ತಾವೇ ತಂದೆತಾಯಿಗಳಾಗಿ ಇಂಥ ಅರ್ಜಿಗಳ ಮುಂದೆ ಕುಳಿತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಅಂಕವೆಂಬುದು ಬಚ್ಚಿಡಲು ಬರುವ ವಸ್ತುವಾಗಿರಲಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯಲ್ಲಿ, ಅಂದರೆ ಇಂದಿನ ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರುಗಳಲ್ಲಿ, ಹಳ್ಳಿಯ ಹುಡುಗನಿಗೆ ದೊಡ್ಡ ಪರೀಕ್ಷೆಯೆಂದರೆ ಮುಲ್ಕಿ. ಏಳನೆಯ ಇಯತ್ತೆಯ ಕೊನೆಗೆ ಬರುತ್ತಿದ್ದ ಆ ಪರೀಕ್ಷೆ ಪಾಸಾದವನಿಗೆ ಮಾಸ್ತರಿಕೆಯ ಬಾಗಿಲು ತೆರೆಯುತ್ತಿತ್ತು. ನಮ್ಮ ತಾಲೂಕಿನ ಶಿಶುನಾಳದ ಶರೀಫಸಾಹೇಬರು ಮುಲ್ಕಿ ಮುಗಿಸಿ ಕೆಲಕಾಲ ಶಾಲಾ ಮಾಸ್ತರರಾಗಿದ್ದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅದೇ ಶರೀಫರು ಕಳಸದ ಗೋವಿಂದಭಟ್ಟರ ಬಳಿಗೆ ಹೋದಾಗ ಭಟ್ಟರು ಮುಲ್ಕಿಯ ಅಂಕ ಕೇಳಲಿಲ್ಲ. ನಿನ್ನ ಅಪ್ಪ ಯಾರು ಎಂದು ಕೇಳಿದರಂತೆ, ನಿಮ್ಮಪ್ಪನೇ ನಮ್ಮಪ್ಪ ಎಂದು ಇವರು ಉತ್ತರಿಸಿದರಂತೆ. ಒಂದೇ ಪ್ರಶ್ನೆಯ ಪ್ರವೇಶ ಪರೀಕ್ಷೆ ಅದು. ಅಂಥದ್ದು ಎಲ್ಲರಿಗೂ ಲಭ್ಯವಿಲ್ಲವಲ್ಲ! ಉಳಿದವರಿಗೆ 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಮ್ಯಾಟ್ರಿಕ್ಯುಲೇಶನ್ ಬಂತು. ಆ ಹೆಸರಿನ ಅರ್ಥವೇ ವಿಶ್ವವಿದ್ಯಾಲಯದ ದಾಖಲೆಗೆ ಹೆಸರು ಹತ್ತುವುದು ಎಂದು. ಶಾಲೆಯ ಕೊನೆಯ ಪರೀಕ್ಷೆಯೂ ಅದೇ, ಕಾಲೇಜಿನ ಪ್ರವೇಶ ಪರೀಕ್ಷೆಯೂ ಅದೇ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಅದನ್ನು ಪಾಸಾದ ನಮ್ಮವರು ಮುಂದಿನ ಓದಿಗೆ ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಿತ್ತು.

ನಾನು ಎಸ್.ಎಸ್.ಎಲ್.ಸಿ. ಬರೆದದ್ದು 1967ರಲ್ಲಿ. ಆಗ ನಮ್ಮದು ಮೈಸೂರು ರಾಜ್ಯ. ಫಲಿತಾಂಶ ಬರುವ ದಿನ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವ ಪತ್ರಿಕೆಗಾಗಿ ಇಡೀ ಊರು ಕಾಯುತ್ತಿತ್ತು. ಮೊದಲ ದರ್ಜೆಯ ನಂಬರುಗಳು ಮೇಲೆ, ಎರಡನೆಯ ದರ್ಜೆಯವು ಅದರ ಕೆಳಗೆ, ಬರಿಯ ಪಾಸಾದವರದು ಇನ್ನೂ ಕೆಳಗೆ. ನಂಬರು ಎಲ್ಲಿಯೂ ಸಿಗದಿದ್ದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹಾಗಾಗಿ ನನ್ನ ತಲೆಮಾರಿನವರಿಗೆ ಅಂಕ ತೋರಿಸುವುದು, ಮರೆಮಾಡುವುದು ಎಂಬ ಮಾತೇ ಇಲ್ಲ. ಅದು ಊರ ಮುಂದಿನ ಮಾತು.

ಆದರೆ ನಾನು ಶಿಕ್ಷಕನಾಗಿದ್ದ ಅವಧಿಯಲ್ಲೇ ಅಂಕ ಒಂದಿದ್ದದ್ದು ಎರಡಾಯಿತು. ಅದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಂಬತ್ತರ ದಶಕದ ಕರ್ನಾಟಕವನ್ನು ಕಂಡವರಿಗೆ ಡೊನೇಶನ್ ಎಂಬ ಶಬ್ದದ ಭಾರ ಗೊತ್ತು. ಖಾಸಗಿ ವೈದ್ಯಕೀಯ, ತಾಂತ್ರಿಕ ಕಾಲೇಜುಗಳು ನಮ್ಮಲ್ಲಿ ಹೆಚ್ಚಿದಂತೆ, ಅಂಕವಿದ್ದವನಿಗೆ ಹಣವಿಲ್ಲ, ಹಣವಿದ್ದವನಿಗೆ ಅಂಕ ಬೇಕಿಲ್ಲ ಎಂಬ ಸ್ಥಿತಿ ಬಂದಿತು. ಉತ್ತರ ಪ್ರದೇಶದಿಂದ ಬಂದು ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸೀಟು ಬಯಸಿದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರ ರಾಜ್ಯದವರಿಗೆ 60,000 ಎಂಬ ಅಂದಿನ ದರವೇ ಆ ವ್ಯಾಜ್ಯದ ಮೂಲ. 1992ರಲ್ಲಿ ನ್ಯಾಯಾಲಯ ಕ್ಯಾಪಿಟೇಶನ್ ಶುಲ್ಕವನ್ನು ತಳ್ಳಿಹಾಕಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ಕಾಲೇಜುಗಳಲ್ಲಿಯೂ ಅರ್ಧ ಸೀಟು ಕಡಿಮೆ ಶುಲ್ಕಕ್ಕೆ, ಅರ್ಧ ಹೆಚ್ಚಿನ ಶುಲ್ಕಕ್ಕೆ, ಎರಡೂ ಅರ್ಹತೆಯ ಮೇಲೆಯೇ ಎಂಬ ವ್ಯವಸ್ಥೆ ಹಾಕಿಕೊಟ್ಟಿತು. ಅರ್ಹತೆಯನ್ನು ಅಳೆಯಲು ಒಂದು ಗೋಲು ಬೇಕಾಯಿತು. 1994ರಲ್ಲಿ ಸಿ.ಇ.ಟಿ. ಹುಟ್ಟಿದ್ದು ಹೀಗೆ.

ಮುಂದೆ ಎಂಜಿನಿಯರಿಂಗ್ ರ್‍ಯಾಂಕಿಗೆ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕ ಅರ್ಧ, ಸಿ.ಇ.ಟಿ.ಯ ಅಂಕ ಅರ್ಧ ಎಂಬ ಲೆಕ್ಕ ನೆಲೆಗೊಂಡಿತು. 2004ರಿಂದ ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್‌ಕೆ ಬಂದಾಗ ಅಲ್ಲಿ ರ್‍ಯಾಂಕಿಗೆ ಪಿ.ಯು.ಸಿ. ಅಂಕವೇ ಲೆಕ್ಕಕ್ಕಿಲ್ಲ, ಅರ್ಹತೆಯ ಗೆರೆ ದಾಟಿದ್ದರೆ ಸಾಕು. ಒಂದೇ ಹುಡುಗ ಒಂದು ಪಟ್ಟಿಯಲ್ಲಿ ಜಾಣ, ಇನ್ನೊಂದರಲ್ಲಿ ಸಾಧಾರಣ. ಯಾವ ಪಟ್ಟಿಯ ಮುಂದೆ ಹೋಗಿ ನಿಲ್ಲಬೇಕೆಂಬ ಆಯ್ಕೆ ಆಗಲೇ ನಮ್ಮ ಮನೆಗಳೊಳಗೆ ಕಾಲಿಟ್ಟಿತ್ತು. ನಾವು ಅದನ್ನು ಆಯ್ಕೆಯೆಂದು ಗುರುತಿಸಲಿಲ್ಲ, ಅಷ್ಟೆ.

ಇಲ್ಲಿ ಒಂದು ಹಳೆಯ ಲೋಪವನ್ನು ಹೇಳಿಕೊಳ್ಳಬೇಕಾಗಿದೆ. ಸಿ.ಇ.ಟಿ. ಅರ್ಜಿಯಲ್ಲಿ ಅಂಕದ ಜೊತೆಗೆ ಇನ್ನೆರಡು ಕಾಗದಗಳಿಗೆ ಬೆಲೆಯಿತ್ತು, ಇಂದಿಗೂ ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸೀಟುಗಳು. ಸೀಟಿನ ಪಟ್ಟಿಯಲ್ಲಿ ವರ್ಗದ ಅಕ್ಷರಗಳ ಬೆನ್ನಿಗೆ ‘ಆರ್’ ಎಂದಿದ್ದರೆ ಗ್ರಾಮೀಣ, ‘ಕೆ’ ಎಂದಿದ್ದರೆ ಕನ್ನಡ. ಮುಖ್ಯೋಪಾಧ್ಯಾಯರು ಸಹಿ ಹಾಕಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಆಗಬೇಕು. ಅರ್ಜಿಯಲ್ಲಿ ಕೇಳಿಕೊಂಡವರಿಗೆ ಮಾತ್ರ ಅದು ದಕ್ಕುತ್ತದೆ. ಕೇಳದವನನ್ನು ಕರೆದು ಕೊಡುವವರಿಲ್ಲ.

2005ರಲ್ಲಿ ನಮ್ಮ ಶಾಲೆಯಲ್ಲಿ ಓದಿ ಹೋಗಿದ್ದ ಒಬ್ಬ ಹುಡುಗ ಮೇ ತಿಂಗಳ ಬಿಸಿಲಿನಲ್ಲಿ ಸೈಕಲ್ಲು ತುಳಿದುಕೊಂಡು ನನ್ನ ಮನೆಗೆ ಬಂದ. ಹುಬ್ಬಳ್ಳಿಯಲ್ಲಿ ಪಿ.ಯು.ಸಿ. ವಿಜ್ಞಾನ ಮುಗಿಸಿದ್ದ. ಗ್ರಾಮೀಣ ಪ್ರಮಾಣಪತ್ರದ ಫಾರ್ಮು ಮುಂದಿಟ್ಟ. ನಾನು ಸಹಿ ಮಾಡಿ ಮೊಹರು ಒತ್ತಿದೆ. ಮಜ್ಜಿಗೆ ಕುಡಿದು ಹೋದ. ಅವನು ಕನ್ನಡ ಮಾಧ್ಯಮದವನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ “ಇನ್ನೊಂದು ಫಾರ್ಮು ಎಲ್ಲಿ?” ಎಂದು ನಾನು ಕೇಳಲಿಲ್ಲ. ತಂದದ್ದಕ್ಕೆ ಸಹಿ ಹಾಕುವುದೇ ನನ್ನ ಕೆಲಸವೆಂದು ತಿಳಿದಿದ್ದೆ. ಆ ವರ್ಷ ಅವನಿಗೆ ಬಯಸಿದ ಸರಕಾರಿ ಶುಲ್ಕದ ಸೀಟು ಸ್ವಲ್ಪದರಲ್ಲಿ ತಪ್ಪಿತು. ಖಾಸಗಿ ಶುಲ್ಕ ಕಟ್ಟುವ ಶಕ್ತಿ ಮನೆಯಲ್ಲಿರಲಿಲ್ಲ. ಹಾವೇರಿಯಲ್ಲಿ ಬಿ.ಎಸ್ಸಿ. ಓದಿ ಮುಂದೆ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ.

ಹತ್ತು ವರ್ಷಗಳಾದ ಮೇಲೆ ಬಂಕಾಪುರದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವನೇ ಪಕ್ಕಕ್ಕೆ ಬಂದು ಕುಳಿತ. ಮಾತಿಗೆ ಮಾತು ಬಂದು ಹೇಳಿದ: “ಆ ಫಾರ್ಮೂ ನನ್ನ ಕಿಸೇದಾಗ ಇತ್ರಿ ಸರ್. ತಗೀಲಿಲ್ಲ.” ಏಕೆಂದು ಕೇಳಿದೆ. “ಕನ್ನಡ ಮೀಡಿಯಂ ಅಂತ ಬರಸಿದ್ರ ಇಂಗ್ಲಿಷ್ ಬರೂದಿಲ್ಲಂತ ನಾನs ಒಪ್ಪಿಕೊಂಡಂಗ ಆಗತೈತಿ ಅನ್ನಿಸ್ತರಿ. ಕಾಲೇಜಿನ್ಯಾಗ ಆ ಪಟ್ಟಿ ನೋಡಿ ನಗತಾರ ಅಂತ ಗೆಳ್ಯಾರು ಹೇಳಿದ್ರು.” ಹೀಗೆ ಹೇಳಿ ನನ್ನ ಎಲೆಗೆ ಎರಡನೆಯ ಸಲ ಬದನೆಕಾಯಿ ಪಲ್ಯ ಬಡಿಸಲು ಕೂಗಿ ಹೇಳಿದ. ಆ ದಿನ ನನಗೆ ಊಟ ರುಚಿಸಲಿಲ್ಲ. ಕಾಗದ ಕೊಟ್ಟಿದ್ದರೆ ಸೀಟು ಸಿಗುತ್ತಿತ್ತೇ ಎಂಬುದನ್ನು ಖಚಿತವಾಗಿ ಹೇಳಲಾರೆ. ಕೊಡದೆ ಸಿಗಲಿಲ್ಲವೆಂಬುದು ಮಾತ್ರ ಖಚಿತ.

ಇನ್ನೊಂದು ಕಥೆ ಹತ್ತಿರದ್ದು, ನನ್ನ ನಿವೃತ್ತಿಯ ನಂತರದ್ದು. 2021ರಲ್ಲಿ ಕೊರೋನಾದ ಎರಡನೆಯ ಅಲೆ ಬಂದು ನಮ್ಮ ರಾಜ್ಯದ ದ್ವಿತೀಯ ಪಿ.ಯು.ಸಿ. ಪರೀಕ್ಷೆಯೇ ರದ್ದಾಯಿತು. ಪರೀಕ್ಷೆ ಬರೆಯದ ಮಕ್ಕಳಿಗೆ ಅಂಕ ಎಲ್ಲಿಂದ ತರುವುದು? ಎಸ್.ಎಸ್.ಎಲ್.ಸಿ.ಯಿಂದ ಶೇಕಡಾ 45, ಪ್ರಥಮ ಪಿ.ಯು.ಸಿ.ಯಿಂದ ಶೇಕಡಾ 45, ದ್ವಿತೀಯ ಪಿ.ಯು.ಸಿ.ಯ ಆಂತರಿಕ ಮೌಲ್ಯಮಾಪನದಿಂದ ಶೇಕಡಾ 10 ಎಂದು ಸರಕಾರ ಸೂತ್ರ ಮಾಡಿತು. ಜುಲೈ 20ರಂದು ಫಲಿತಾಂಶ ಬಂದಾಗ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 600ಕ್ಕೆ 600! ನಮ್ಮ ಕಾಲದಲ್ಲಿ ಗಣಿತಕ್ಕೆ ನೂರಕ್ಕೆ ನೂರು ಬಂದರೆ ಹೆಡ್ಮಾಸ್ತರರು ಪೇಢೆ ಹಂಚುತ್ತಿದ್ದರು.

ಈ ಅಂಕ ಒಪ್ಪಿಗೆಯಿಲ್ಲದವರು ಆಗಸ್ಟಿನಲ್ಲಿ ಪರೀಕ್ಷೆ ಬರೆಯಬಹುದು, ಬರೆದರೆ ಅದರಲ್ಲಿ ಬಂದದ್ದೇ ಅಂತಿಮ ಎಂದೂ ಸರಕಾರ ಹೇಳಿತ್ತು. ನಮ್ಮ ಇತಿಹಾಸದಲ್ಲಿ ಮೊದಲ ಬಾರಿಗೆ ವಿದ್ಯಾರ್ಥಿಯ ಕೈಗೆ ಇಂಥ ಆಯ್ಕೆ ಬಂದದ್ದು ಆಗಲೇ ಎಂದು ನನ್ನ ತಿಳುವಳಿಕೆ. ಆರು ಲಕ್ಷದಷ್ಟಿದ್ದ ಮಕ್ಕಳಲ್ಲಿ ಆ ಅವಕಾಶ ಬಳಸಿದವರು ಕೆಲವೇ ನೂರು ಮಂದಿ.

ನಮ್ಮ ಓಣಿಯ ಒಬ್ಬ ಹುಡುಗಿ ನನ್ನಲ್ಲಿಗೆ ಬಂದಿದ್ದಳು. ಅವಳು 2019ರಲ್ಲಿ ಎಸ್.ಎಸ್.ಎಲ್.ಸಿ. ಬರೆಯುವಾಗ ತಂದೆಗೆ ಹೆದ್ದಾರಿಯ ಮೇಲೆ ಅಪಘಾತವಾಗಿ ಮನೆಯೆಲ್ಲ ಆಸ್ಪತ್ರೆಯಲ್ಲಿತ್ತು. ಹದಿನೈದನೆಯ ವಯಸ್ಸಿನ ಆ ಅಂಕಗಳು ಎರಡು ವರ್ಷದ ನಂತರ ಎದ್ದು ಬಂದು ಅವಳ ಪಿ.ಯು.ಸಿ.ಯ ಮೇಲೆ ಕುಳಿತಿದ್ದವು. ಮೂರು ವಿಷಯಗಳ ಸರಾಸರಿ 71. “ಎಲ್ಲಾರಿಗೂ ತೊಂಬತ್ತು, ತೊಂಬತ್ತೈದು ಬಂದಾವ್ರಿ ಅಜ್ಜಾರ. ಇದನ್ನ ಹೆಂಗ ತೋರಿಸ್ಲಿ? ಪರೀಕ್ಷೆ ಬರೀಲೇನ್ರಿ?” ಎಂದು ಕೇಳಿದಳು. ಆ ಪರೀಕ್ಷೆ ಆಗಸ್ಟ್ 19ರಿಂದ ಸೆಪ್ಟೆಂಬರ್ 3ರವರೆಗೆ. ನಡುವೆ ಆಗಸ್ಟ್ 28ರಿಂದ ಸಿ.ಇ.ಟಿ. ಜೊತೆಗೆ ಆ ವರ್ಷ ಎಂಜಿನಿಯರಿಂಗ್ ರ್‍ಯಾಂಕಿಗೆ ಸಿ.ಇ.ಟಿ. ಅಂಕ ಮಾತ್ರ ಹಿಡಿಯುವುದೆಂದು ಘೋಷಣೆಯಾಗಿತ್ತು. ನಾನು, “ಅದು ಲೆಕ್ಕಕ್ಕs ಇಲ್ಲಲ್ಲ ತಂಗಿ, ಬಿಟ್ಟುಬಿಡು, ಸಿ.ಇ.ಟಿ. ಓದು” ಎಂದೆ. ಲೆಕ್ಕಕ್ಕಿಲ್ಲವೆಂದು ಎಷ್ಟು ಸುಲಭವಾಗಿ ಹೇಳಿಬಿಟ್ಟೆ!

ಸಿ.ಇ.ಟಿ. ಕೈಗೂಡಲಿಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತು ಓದಿ 2022ರ ಜೂನಿನಲ್ಲಿ ಮತ್ತೆ ಬರೆದಳು. 180ಕ್ಕೆ 72, ಅಂದರೆ ಶೇಕಡಾ 40. ಸಿ.ಇ.ಟಿ.ಯಲ್ಲಿ ಅದು ಕೆಟ್ಟ ಅಂಕವೇನಲ್ಲ. ಆದರೆ ಜುಲೈ 30ರಂದು ರ್‍ಯಾಂಕು ಬಂದಾಗ ನೋಡಿದರೆ ಲಕ್ಷದ ಆಚೆ. ಆ ವರ್ಷದ ಹೊಸ ಮಕ್ಕಳಿಗೆ ಮತ್ತೆ ಅರ್ಧ ಪಿ.ಯು.ಸಿ., ಅರ್ಧ ಸಿ.ಇ.ಟಿ.; ಇವಳಂಥ 2021ರ ಮಕ್ಕಳಿಗೆ ಮಾತ್ರ ಪರೀಕ್ಷೆಯಿಲ್ಲದೆ ಬಂದ ಪಿ.ಯು.ಸಿ. ಅಂಕವನ್ನು ಬಿಟ್ಟು ಬರಿಯ ಸಿ.ಇ.ಟಿ. ಹಿಡಿಯಲಾಗಿತ್ತು. ರಾಜ್ಯದಲ್ಲಿ ಇಂಥವರು ಸುಮಾರು 24 ಸಾವಿರ. ವಿಷಯ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 3ರಂದು ಏಕಸದಸ್ಯ ಪೀಠವು ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಸರಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಆ ತಿಂಗಳ ಕೊನೆಯ ಭಾಗದಲ್ಲಿ ಒಂದು ರಾಜಿ ಸೂತ್ರವಾಯಿತು: 2021ರ ಅಂಕಗಳನ್ನು ಪರಿಗಣಿಸುವುದು, ಆದರೆ ಪ್ರತಿ ವಿಷಯದಲ್ಲಿ ಸರಾಸರಿ ಆರು ಅಂಕ ಕಳೆಯುವುದು.

ಆ ರಾತ್ರಿ ನಾನೂ ಅವಳೂ ಕಾಗದದ ಮೇಲೆ ಲೆಕ್ಕ ಹಾಕಿದೆವು. 71ರಲ್ಲಿ ಆರು ಹೋಗಿ 65. ಅದಕ್ಕೆ ಸಿ.ಇ.ಟಿ.ಯ 40 ಸೇರಿಸಿ ಅರ್ಧ ಮಾಡಿದರೆ 52.5. ನಲವತ್ತರಿಂದ ಐವತ್ತೆರಡೂವರೆಗೆ! ಸಿ.ಇ.ಟಿ.ಯ ಅಂಕ ಎಲ್ಲರಿಗೂ ಕಡಿಮೆಯೇ ಬರುವುದರಿಂದ ಪಿ.ಯು.ಸಿ.ಯ ಅಂಕ ಎಷ್ಟೇ ಸಾಧಾರಣವಾಗಿದ್ದರೂ ಅದರ ಪಕ್ಕದಲ್ಲಿ ನಿಂತಾಗ ಮೇಲಕ್ಕೇ ಎತ್ತುತ್ತದೆ. ಒಂದು ವರ್ಷದ ಹಿಂದೆ ಇದನ್ನು ಹೇಗೆ ತೋರಿಸಲಿ ಎಂದು ಅವಳು ತಲೆತಗ್ಗಿಸಿದ್ದ 71ಕ್ಕಾಗಿ, ಅದರಲ್ಲಿ ಆರು ಕಳೆದುಕೊಂಡಾದರೂ, ಹೈಕೋರ್ಟಿನ ಬಾಗಿಲಲ್ಲಿ 24 ಸಾವಿರ ಮಕ್ಕಳೊಂದಿಗೆ ಅವಳೂ ಕಾದಿದ್ದಳು. ಪರಿಷ್ಕೃತ ರ್‍ಯಾಂಕಿನಲ್ಲಿ ಸಾವಿರಾರು ಸ್ಥಾನ ಮುಂದೆ ಬಂದು ಜಿಲ್ಲೆಯೊಳಗೇ ಒಂದು ಸೀಟು ಪಡೆದಳು. ಈಗಲೂ ಹಬ್ಬಕ್ಕೆ ಹೋಳಿಗೆ ಕೊಟ್ಟು ಹೋಗುತ್ತಾಳೆ.

ಇನ್ನು ಮೊಮ್ಮಗಳ ಪ್ರಶ್ನೆಗೆ ಬರೋಣ. ಆ ಎರಡು ದಿನಗಳಲ್ಲಿ, ಮತ್ತು ನಿಜ ಹೇಳಬೇಕೆಂದರೆ ಅದರ ನಂತರವೂ, ನಾನು ಅಲ್ಲಿನ ಚರಿತ್ರೆಯನ್ನು ಓದಿದೆ. ಸ್ಯಾಟ್ ಪರೀಕ್ಷೆ ಆರಂಭವಾದದ್ದು 1926ರಲ್ಲಿ. ಯಾವ ಶಾಲೆಯಿಂದ ಬಂದರೂ ಒಂದೇ ಗೋಲಿನಿಂದ ಅಳೆಯಬಹುದೆಂಬುದು ಅದರ ಪರವಾದ ವಾದ. ಹಣವಂತರ ಮಕ್ಕಳು ತರಬೇತಿ ಪಡೆದು ಗೋಲಿನ ಮೇಲೆ ಎತ್ತರವಾಗಿ ಕಾಣುತ್ತಾರೆಂಬುದು ವಿರೋಧದ ವಾದ. ನಮ್ಮ ಸಿ.ಇ.ಟಿ. ಕೋಚಿಂಗಿನ ಜಗಳವೇ ಇದು, ಬಟ್ಟೆ ಬೇರೆ. ಮೇನ್ ರಾಜ್ಯದ ಬೌಡನ್ ಎಂಬ ಚಿಕ್ಕ ಕಾಲೇಜು 1969ರಲ್ಲಿಯೇ ಅಂಕ ಕಳಿಸುವುದನ್ನು ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟಿತು. ಐವತ್ತು ವರ್ಷ ಆ ಪದ್ಧತಿ ನಿಧಾನವಾಗಿ ಹಬ್ಬಿತು. 2020ರಲ್ಲಿ ಕೊರೋನಾದಿಂದ ಪರೀಕ್ಷಾ ಕೇಂದ್ರಗಳೇ ಮುಚ್ಚಿದಾಗ ದೇಶದ ಬಹುತೇಕ ಕಾಲೇಜುಗಳು ಅದನ್ನು ಅಪ್ಪಿಕೊಂಡವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇನ್ನೂ ಮುಂದೆ ಹೋಗಿ, ಕಳಿಸಿದರೂ ನೋಡುವುದಿಲ್ಲವೆಂದು 2021ರಲ್ಲಿ ಹೇಳಿತು. ಎಂ.ಐ.ಟಿ. ಮಾತ್ರ 2022ರ ಮಾರ್ಚಿನಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು.

ಇಚ್ಛೆಗೆ ಬಿಟ್ಟಾಗ ಏನಾಗುತ್ತದೆಂಬುದು ಕುತೂಹಲದ ಸಂಗತಿ. ಕಾಲೇಜುಗಳು ತಮ್ಮಲ್ಲಿ ಸೇರಿದ ಮಕ್ಕಳ ಪೈಕಿ ನಡುವಿನ ಅರ್ಧದಷ್ಟು ಮಂದಿಯ ಅಂಕ ಇಲ್ಲಿಂದ ಇಲ್ಲಿಯವರೆಗೆ ಎಂದು ಪ್ರಕಟಿಸುತ್ತವೆ. ಆದರೆ ಆ ಲೆಕ್ಕದಲ್ಲಿ ಬರುವುದು ಅಂಕ ಕಳಿಸಿದವರದು ಮಾತ್ರ. ಕಡಿಮೆ ಬಂದವರು ಕಳಿಸುವುದನ್ನು ಬಿಟ್ಟೊಡನೆ ಆ ಪಟ್ಟಿ ತಾನಾಗಿಯೇ ಮೇಲಕ್ಕೆ ಏರುತ್ತದೆ. ಏರಿದ ಪಟ್ಟಿಯನ್ನು ಕಂಡು ಮರುವರ್ಷ ಇನ್ನಷ್ಟು ಮಕ್ಕಳು ಹೆದರಿ ಕಳಿಸುವುದಿಲ್ಲ. ಪಟ್ಟಿ ಮತ್ತೆ ಏರುತ್ತದೆ. ನಮ್ಮ ಮೊಮ್ಮಗಳು ಬಯಸಿದ್ದ ಕಾಲೇಜೊಂದರಲ್ಲಿ ಅದು 1450ರ ಆಚೆಗಿತ್ತು. ಆದ್ದರಿಂದಲೇ ನನ್ನ ಮಗನಿಗೆ 1390 ಎಂಬುದು ಮುಚ್ಚಿಡಬೇಕಾದ ಸಂಖ್ಯೆಯಾಗಿ ಕಂಡದ್ದು. ಹುಡುಗಿಗೋ, ತನ್ನನ್ನೇ ಮುಚ್ಚಿಡುತ್ತಿದ್ದಾರೆಂದು ಅನ್ನಿಸಿತ್ತು. “ಅಪ್ಪನಿಗೆ ನನ್ನ ಸ್ಕೋರ್ ನೋಡಿ ನಾಚಿಕೆ” ಎಂದು ಅವಳು ಅಜ್ಜಿಯ ಬಳಿ ಹೇಳಿಕೊಂಡದ್ದು ಆಮೇಲೆ ನನಗೆ ತಿಳಿಯಿತು.

ಎರಡು ದಿನಗಳಾದ ಮೇಲೆ ನಾನೇ ಫೋನು ಮಾಡಿದೆ. ಒಂದು ತೀರ್ಪು ಎಲ್ಲ ಕಾಲೇಜಿಗೂ ಹೊಂದುವುದಿಲ್ಲ ಎಂದೆ. “ನಿನ್ನ ಅಂಕವನ್ನು ನಿಮ್ಮ ಶಾಲೆಯವರ ಅಂಕದ ಜೊತೆಗೂ ಇಟ್ಟು ನೋಡಿದಿರಾ?” ಎಂದು ಕೇಳಿದೆ. ನೋಡಿರಲಿಲ್ಲ, ನೋಡಿದಾಗ ಶಾಲೆಯ ಸರಾಸರಿಗಿಂತ ಚೆನ್ನಾಗಿಯೇ ಇತ್ತು. ಅವರ ರಾಜ್ಯದ ವಿಶ್ವವಿದ್ಯಾಲಯಕ್ಕೂ ಇನ್ನೊಂದಕ್ಕೂ, ಅಂಕ ಪಟ್ಟಿಯ ನಡುವೆಯೇ ಬರುತ್ತಿದ್ದುದರಿಂದ, ಕಳಿಸಿದರು. 1450ರ ಕಾಲೇಜಿನ ವಿಷಯದಲ್ಲಿ ನಾನು ಕಳಿಸಿರೆಂದೆ, ಮಗ ಬೇಡವೆಂದ. ಗೆದ್ದವನು ಮಗ, ಅರ್ಜಿಯ ಶುಲ್ಕ ಕಟ್ಟುವವನು ಅವನಲ್ಲವೇ! ಮೊದಲಿನ ಎರಡರಲ್ಲಿ ಪ್ರವೇಶ ದೊರೆಯಿತು, ಮೂರನೆಯದರಲ್ಲಿ ಇಲ್ಲ. ಕಳಿಸಿದ್ದರೂ ಸಿಗುತ್ತಿರಲಿಲ್ಲವೇನೋ. ಅವಳು ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರಿ ಸಂತೋಷವಾಗಿದ್ದಾಳೆ.

ಅರ್ಜಿಗಳೆಲ್ಲ ಹೋದ ಮೇಲೆ, 2024ರ ಫೆಬ್ರವರಿಯಲ್ಲಿ, ಡಾರ್ಟ್‌ಮತ್ ಕಾಲೇಜು ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಅದಕ್ಕೆ ಆಧಾರ ಆ ಕಾಲೇಜಿನದೇ ನಾಲ್ವರು ಅಧ್ಯಾಪಕರ ಅಧ್ಯಯನ. ಬಡತನದ ಮನೆಗಳಿಂದ, ಸಾಧಾರಣ ಶಾಲೆಗಳಿಂದ ಬಂದ ಅನೇಕ ಮಕ್ಕಳು ತಮ್ಮ ಅಂಕವನ್ನು ಕಳಿಸದೆ ಇಟ್ಟುಕೊಂಡಿದ್ದರು; ಕಳಿಸಿದ್ದರೆ ಅವರಿಗೆ ಪ್ರವೇಶ ಸಿಗುವ ಸಂಭವ ಹೆಚ್ಚುತ್ತಿತ್ತು ಎಂದು ಅವರು ಕಂಡುಕೊಂಡಿದ್ದರು. ಏಕೆಂದರೆ ಕಾಲೇಜಿನವರು 1400ನ್ನು ತಮ್ಮ ಸರಾಸರಿಯ ಪಕ್ಕದಲ್ಲಿ ಮಾತ್ರವಲ್ಲ, ಆ ಮಗುವಿನ ಶಾಲೆಯ ಸರಾಸರಿಯ ಪಕ್ಕದಲ್ಲಿಯೂ ಇಟ್ಟು ನೋಡುತ್ತಿದ್ದರು. ಮಕ್ಕಳಿಗೆ ಅದು ತಿಳಿದಿರಲಿಲ್ಲ. ಅದೇ ವರ್ಷ ಯೇಲ್, ಬ್ರೌನ್, ಹಾರ್ವರ್ಡ್‌ಗಳೂ ಪರೀಕ್ಷೆಯ ಕಡೆಗೆ ಹಿಂದಿರುಗಿದವು.

ಮಗ ಇದನ್ನು ಕಳಿಸಿಕೊಟ್ಟು “ಅಪ್ಪಾ, ನೀವು ಹೇಳಿದ್ದೇ ಸರಿಯಾಗಿತ್ತೇನೋ” ಎಂದು ಬರೆದ. ನಾನು ಒಪ್ಪಲಿಲ್ಲ. ತಂದೆ ತಾಯಿ ಇಬ್ಬರೂ ಎಂಜಿನಿಯರಾಗಿರುವ ಮನೆಯ ಹುಡುಗಿಯ ಬಗ್ಗೆ ಆ ಅಧ್ಯಾಪಕರು ಬರೆದಿರಲಿಲ್ಲ. ಅವರು ಬರೆದದ್ದು ಕಿಸೆಯಲ್ಲಿ ಫಾರ್ಮು ಇಟ್ಟುಕೊಂಡು ಸೈಕಲ್ಲು ಹತ್ತಿ ಹೋದ ನನ್ನ ಹುಡುಗನ ಬಗ್ಗೆ. ಓದುತ್ತ ಹೋದಂತೆ ನನಗೆ ಆ ಮೇ ತಿಂಗಳ ಬಿಸಿಲು, ಅವನು ಅಂಗಿಯ ಕಿಸೆ ಮುಟ್ಟಿಕೊಂಡು ಮಜ್ಜಿಗೆ ಲೋಟ ಕೆಳಗಿಟ್ಟದ್ದು ಕಣ್ಣಿಗೆ ಕಟ್ಟಿದಂತಾಯಿತು.

2024ರಲ್ಲಿಯೇ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ.ಗಳಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಿತು. ಮೂರರಲ್ಲಿ ಉತ್ತಮ ಬಂದ ಅಂಕವನ್ನೇ ಇಟ್ಟುಕೊಳ್ಳಬಹುದಾಗಿತ್ತು. ನಮ್ಮ ಓಣಿಯಲ್ಲಿ ಈಗ ಯಾರೂ ಒಂದೇ ಅಂಕ ಹೇಳುವುದಿಲ್ಲ, “ಎಷ್ಟನೇ ಪರೀಕ್ಷೆದ್ದು ಕೇಳಾಕತ್ತೀರಿ?” ಎನ್ನುತ್ತಾರೆ.

ಆ ಡಿಸೆಂಬರಿನಲ್ಲಿ ಮೊಮ್ಮಗಳು ರಜೆಗೆ ಗೊಟಗೋಡಿಗೆ ಬಂದಿದ್ದಳು. ರಾಕ್ ಗಾರ್ಡನ್ನಿಗೂ ಜಾನಪದ ವಿಶ್ವವಿದ್ಯಾಲಯದ ಆವರಣಕ್ಕೂ ಕರೆದೊಯ್ದು ತೋರಿಸಿದೆ. ಸಂಜೆ ಅಜ್ಜಿಯ ಹಳೆಯ ಟ್ರಂಕನ್ನು ತೆಗೆದು ಕಸೂತಿಯ ಸೀರೆ ನೋಡುತ್ತಿದ್ದವಳು ಅದರ ತಳದಿಂದ ಒಂದು ಹಳದಿಗಟ್ಟಿದ ಕಾಗದ ಎತ್ತಿಕೊಂಡು ಬಂದಳು. 1967ರ ನನ್ನ ಅಂಕಪಟ್ಟಿ. ಕನ್ನಡ ಅಂಕಿಗಳನ್ನು ಅವಳಿಗೆ ಓದಲು ಬರುವುದಿಲ್ಲ, ಆದರೆ ಅದರಲ್ಲಿದ್ದವು ಇಂಗ್ಲಿಷ್ ಅಂಕಿಗಳು. ಗಣಿತದ ಮುಂದೆ 38.

“ಇದನ್ನು ನಿನ್ನ ಸ್ಟೂಡೆಂಟ್ಸ್‌ಗೆ ತೋರಿಸಿದ್ದೀಯಾ ಅಜ್ಜಾ?”

“ಯಾರೂ ಕೇಳಲಿಲ್ಲ” ಎಂದೆ.

ಅವಳು ನಗುತ್ತ ಅದರ ಚಿತ್ರ ತೆಗೆದು ಮನೆಯವರೆಲ್ಲರಿಗೂ ಕಳಿಸಿಬಿಟ್ಟಳು. ಹುಬ್ಬಳ್ಳಿಯ ನನ್ನ ತಂಗಿ ಐದು ನಿಮಿಷದೊಳಗೆ ಫೋನು ಮಾಡಿ, “ಅಣ್ಣಾ, ಮೂವತ್ತೆಂಟರಾಗ ಪಾಸಾಗಿ ನಮಗ ಗಣಿತ ಹೇಳಿಕೊಡತಿದ್ದೇನು?” ಎಂದು ಕೇಳಿದಳು. ಊರಿಗೆಲ್ಲ ತಿಳಿದ ಮೇಲೆ ನಿಮಗೂ ತಿಳಿಯಲಿ.